ಥಂಡಿಯಲ್ಲಿ ಸೈಕಲ್ ಮೇಲೆ ಕೆಲಸಕ್ಕೆ: ಯಾವ ಶೂ, ಯಾವ ಪೆಡಲ್?

ದೀಪಾವಳಿ ದಾಟುತ್ತಿದ್ದಂತೆ ಪ್ರತಿ ವರ್ಷ ಇದೇ ಪ್ರಶ್ನೆಗಳು ಬರುತ್ತವೆ. ‘ಬೆಳಗ್ಗೆ ಸೈಕಲ್ ಹೊಡೆಯುವಾಗ ಕಾಲ್ಬೆರಳು ಮರಗಟ್ಟುತ್ತವೆ, ಯಾವ ಶೂ ತಗೊಳ್ಳಲಿ?’ ‘ಆಫೀಸ್ ಶೂ ಪೆಡಲ್ ಮೇಲೆ ಜಾರುತ್ತದೆ, ಶೂ ಬದಲಿಸಲೋ, ಪೆಡಲ್ ಬದಲಿಸಲೋ?’ ‘ಶೂಗೆ ಸಿಕ್ಕಿಕೊಳ್ಳುವ ಪೆಡಲ್ ಹಾಕಿಸಿದರೆ ಒಳ್ಳೆಯದಾ?’ ಹುಬ್ಬಳ್ಳಿ-ಧಾರವಾಡದಿಂದಲೇ ಜಾಸ್ತಿ, ಗದಗ, ಹಾವೇರಿಯಿಂದಲೂ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ಶೂ ಮತ್ತು ಪೆಡಲನ್ನು ಜೋಡಿಯಾಗಿ ಆರಿಸಬೇಕು. ಚೆನ್ನಾಗಿರುವ ಪೆಡಲ್ ಮೇಲೆ ತಪ್ಪು ಸೋಲ್ ಇಟ್ಟರೆ ಜಾರುತ್ತದೆ. ದುಬಾರಿ ಶೂ ಹಾಕಿಕೊಂಡು ಸವೆದ ಪೆಡಲ್ ತುಳಿದರೂ ಜಾರುತ್ತದೆ. ಯಾವುದಾದರೂ ಒಂದನ್ನೇ ಬದಲಿಸಿ ‘ಏನೂ ಉಪಯೋಗ ಆಗಲಿಲ್ಲ’ ಅನ್ನುವವರು ಬಹಳ ಜನ.

ಇನ್ನು ನಮ್ಮ ಚಳಿಯ ವಿಷಯ. ಇಂಟರ್ನೆಟ್‌ನಲ್ಲಿ ಚಳಿಗಾಲದ ಸೈಕಲ್ ಶೂ ಎಂದು ಹುಡುಕಿದರೆ ಸಿಗುವ ಸಲಹೆಯೆಲ್ಲ ಹಿಮ ಬೀಳುವ ದೇಶಗಳದ್ದು. ಒಳಗೆ ಉಣ್ಣೆಯ ಪದರ, ಹೊರಗೆ ನೀರು ಹೋಗದ ಹೊದಿಕೆ, ಕಣಕಾಲು ಮುಚ್ಚುವ ಬೂಟು. ನಮಗೆ ಅದು ಬೇಡ. ಡಿಸೆಂಬರ್-ಜನವರಿಯಲ್ಲಿ ಇಲ್ಲಿ ನಸುಕಿನಲ್ಲಿ ಸಾಮಾನ್ಯವಾಗಿ 13ರಿಂದ 15 ಡಿಗ್ರಿ ಇರುತ್ತದೆ, ಕೆಲವು ದಿನ ಇನ್ನೂ ಸ್ವಲ್ಪ ಕಡಿಮೆ. ಮಧ್ಯಾಹ್ನ ಅದೇ ಊರಲ್ಲಿ 29-30 ಡಿಗ್ರಿ. ದಪ್ಪ ಬೂಟು ಹಾಕಿದರೆ ಹನ್ನೊಂದು ಗಂಟೆಗೆ ಕಾಲು ಬೆವರಲು ಶುರುವಾಗುತ್ತದೆ. ಸಂಜೆ ಹೊತ್ತಿಗೆ ಸಾಕ್ಸ್ ಒದ್ದೆ. ರಾತ್ರಿ ಸರಿಯಾಗಿ ಒಣಗದ ಆ ಶೂ ಮರುದಿನ ಬೆಳಗ್ಗೆ ಕಾಲಿಗೆ ಇನ್ನೂ ಜಾಸ್ತಿ ಥಂಡಿ ಕೊಡುತ್ತದೆ.

ನಮ್ಮಲ್ಲಿ ನಿಜವಾಗಿ ತೊಂದರೆ ಕೊಡುವುದು ಬೆರಳಿಗೆ ನೇರವಾಗಿ ಬಡಿಯುವ ಗಾಳಿ, ಪೆಡಲ್ ಮೇಲೆ ಕೂತ ಇಬ್ಬನಿ, ಒಣ ಧೂಳು, ಮತ್ತು ಕತ್ತಲು. ಈ ತಿಂಗಳುಗಳಲ್ಲಿ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುತ್ತದೆ. ಹಾಗಾಗಿ ಧಾರವಾಡದಿಂದ ಹುಬ್ಬಳ್ಳಿಗೆ ಕೆಲಸಕ್ಕೆ ಬರುವವರಿಗೆ ಬೆಳಗ್ಗೆ ಎದುರುಗಾಳಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವವರಿಗೆ ಗಾಳಿಯ ಕಾಟ ಕಡಿಮೆ, ಆದರೆ ಒಟ್ಟಾರೆ ಏರು. ಒಬ್ಬರಿಗೆ ಬೆರಳು ಮುಚ್ಚುವ ಶೂ ಮುಖ್ಯ, ಇನ್ನೊಬ್ಬರಿಗೆ ಒತ್ತಿ ತುಳಿದರೂ ಜಾರದ ಪೆಡಲ್ ಮುಖ್ಯ.

ಏನೇನು ಬೇಕು

ಮುಂಭಾಗ ಮುಚ್ಚಿದ, ಅಡಿ ಸಮತಟ್ಟಾಗಿರುವ ಒಂದು ಜೊತೆ ಶೂ. ತೆಳು ಉಣ್ಣೆ ಅಥವಾ ಉಣ್ಣೆ ಬೆರೆತ ಸಾಕ್ಸ್ ಎರಡು ಜೊತೆ. ಶೂಗೆ ಹೊಂದುವ ಪೆಡಲ್ ಒಂದು ಜೊತೆ. 15 ಎಂ.ಎಂ. ಪಾನಾ, ಅಂದರೆ ಸ್ಪ್ಯಾನರ್. ಕೆಲವು ಪೆಡಲ್‌ಗಳಿಗೆ ಅದರ ಬದಲು 6 ಅಥವಾ 8 ಎಂ.ಎಂ. ಅಲೆನ್ ಕೀ, ಅಂದರೆ ಆರು ಮೂಲೆಯ ಕಡ್ಡಿ ಕೀ. ಸ್ವಲ್ಪ ಗ್ರೀಸ್. ಒಂದು ಹಳೇ ಬಟ್ಟೆ. ಇಷ್ಟು ಸಾಕು.

ಮುಂದೆ ಪದೇ ಪದೇ ಬರುವ ನಾಲ್ಕು ಪದಗಳಿವೆ. ಕ್ರ್ಯಾಂಕ್ ಅಂದರೆ ಪೆಡಲ್ ಕೂರುವ ಉದ್ದನೆಯ ಕೈ. ಅಚ್ಚು ಅಂದರೆ ಪೆಡಲ್ ಒಳಗಿನ ಕಬ್ಬಿಣದ ಕಡ್ಡಿ. ಅದರ ತುದಿಯ ಮರೆ, ಅಂದರೆ ಸ್ಕ್ರೂಗೆ ಇರುವಂಥ ಸುತ್ತು ಗೆರೆ, ಕ್ರ್ಯಾಂಕ್‌ಗೆ ತಿರುಗಿ ಕೂರುತ್ತದೆ. ಪಿನ್ ಅಂದರೆ ಪೆಡಲ್ ಮೇಲೆ ಎದ್ದು ನಿಂತ ಸಣ್ಣ ಮೊಳೆಯಂಥ ಸ್ಕ್ರೂ. ಕ್ಲೀಟ್ ಅಂದರೆ ಶೂ ಅಡಿಗೆ ಸ್ಕ್ರೂ ಹಾಕಿ ಕೂರಿಸುವ ಕೊಂಡಿ, ಪೆಡಲ್‌ಗೆ ಸಿಕ್ಕಿಕೊಳ್ಳುವುದು ಅದೇ.

1. ಮೊದಲು ನಿಮ್ಮ ದಾರಿ, ನಿಮ್ಮ ಕೆಲಸ ನೋಡಿ

ಅಂಗಡಿಗೆ ಹೋಗುವ ಮೊದಲು ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ. ಒಂದು ಕಡೆಗೆ ಎಷ್ಟು ಕಿಲೋಮೀಟರ್? ದಾರಿಯಲ್ಲಿ ಎಷ್ಟು ಸಲ ಕಾಲು ನೆಲಕ್ಕೆ ಊರಬೇಕು? ಕೆಲಸದ ಜಾಗದಲ್ಲಿ ಯಾವ ಶೂ ಇರಲೇಬೇಕು? ಅಲ್ಲಿ ಒಂದು ಜೊತೆ ಇಟ್ಟು ಬರಲು ಜಾಗ ಇದೆಯಾ?

ಕೇಶ್ವಾಪುರದಿಂದ ಸ್ಟೇಷನ್ ರೋಡಿಗೆ, ಸಪ್ತಾಪುರದಿಂದ ಕೋರ್ಟ್ ಸರ್ಕಲ್‌ಗೆ ಹೋಗುವವರಿಗೆ ಕೆಲವೇ ನಿಮಿಷದ ದಾರಿ. ಇಷ್ಟು ದೂರಕ್ಕೆ ಬೇರೆ ಶೂ ಬೇಡ. ಇರುವ ಶೂಗೆ ಹೊಂದುವ ಪೆಡಲ್ ಹಾಕಿಸಿ, ಸಾಕ್ಸ್ ಸರಿಯಾದದ್ದು ಹಾಕಿ, ಮುಗಿಯಿತು. ಪಿ.ಬಿ. ರೋಡ್ ಹಿಡಿದು ಊರಿಂದ ಊರಿಗೆ ಹೋಗುವವರದು ಬೇರೆ ಲೆಕ್ಕ. ಒಂದು ಕಡೆಗೆ ಸುಮಾರು 20 ಕಿ.ಮೀ. ತುಳಿಯಬೇಕು, ಅಲ್ವಾ? ಅಲ್ಲಿ ಮೆತ್ತನೆ ಸೋಲ್, ಬಿಗಿ ಶೂ, ಒದ್ದೆ ಸಾಕ್ಸ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಗೋಕುಲ ರೋಡ್, ತಾರಿಹಾಳ, ಬೇಲೂರು ಕಡೆಯ ಕಾರ್ಖಾನೆಗಳಿಗೆ ಮೊದಲ ಪಾಳಿಗೆ ಹೋಗುವವರು ಕತ್ತಲಲ್ಲೇ ಹೊರಡುತ್ತಾರೆ. ಡಿಸೆಂಬರ್ ಕೊನೆಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದೇ ಸುಮಾರು 7 ಗಂಟೆಗೆ. ನೀವು 7ನೇ ಹಂತವನ್ನು ಬಿಡದೆ ಓದಿ.

2. ಶೂ ಆರಿಸುವುದು

ಶೂ ತಿರುಗಿಸಿ ಮೊದಲು ಅಡಿ ನೋಡಿ. ಮೇಲಿನ ಬಣ್ಣ, ಕಂಪನಿ ಆಮೇಲೆ. ಸೈಕಲ್‌ಗೆ ಒಳ್ಳೆಯ ಸೋಲ್ ರಬ್ಬರಿನದ್ದಾಗಿರುತ್ತದೆ, ಸಮತಟ್ಟಾಗಿರುತ್ತದೆ, ಉಗುರಲ್ಲಿ ಒತ್ತಿದರೆ ಚೂರು ಒಳಗೆ ಹೋಗುತ್ತದೆ. ಶೂವನ್ನು ಎರಡೂ ಕೈಯಲ್ಲಿ ಹಿಡಿದು ಮಡಚಿ ನೋಡಿ. ಬೆರಳ ಬುಡದಲ್ಲಿ ಸ್ವಲ್ಪ ಮಡಚಬೇಕು, ನಡುವೆ ಮಡಚಬಾರದು. ನಡುವೆಯೇ ಎರಡಾಗಿ ಮಡಚುವ ಶೂನಲ್ಲಿ ಪೆಡಲಿನ ಅಂಚು ಪಾದಕ್ಕೆ ಒತ್ತುತ್ತದೆ. ಹತ್ತು ನಿಮಿಷದಲ್ಲಿ ಗೊತ್ತಾಗುವುದಿಲ್ಲ, ಅರ್ಧ ಗಂಟೆ ತುಳಿದರೆ ಅಂಗಾಲು ನೋಯುತ್ತದೆ.

ಕ್ಯಾನ್ವಾಸ್ ಶೂ, ಮಕ್ಕಳು ಶಾಲೆಗೆ ಹಾಕುವ ಪಿ.ಟಿ. ಶೂ ಮಾದರಿಯದ್ದು, ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅಗ್ಗ, ಅಡಿ ಸಮತಟ್ಟು, ಬಟ್ಟೆ ದಟ್ಟವಾಗಿ ನೇಯ್ದಿರುವುದರಿಂದ ಗಾಳಿ ಅಷ್ಟು ನುಗ್ಗುವುದಿಲ್ಲ, ತೊಳೆದರೆ ಬಿಸಿಲಲ್ಲಿ ಬೇಗ ಒಣಗುತ್ತದೆ. ತೆಳು ಸೋಲ್ ಇದ್ದರೆ ಒಳಗೆ ಒಂದು ಗಟ್ಟಿ ಇನ್‌ಸೋಲ್, ಅಂದರೆ ಒಳ ಹಾಸು, ಹಾಕಿಕೊಳ್ಳಿ. ಬ್ಯಾಡ್ಮಿಂಟನ್ ಶೂಗಳ ಗಮ್ ರಬ್ಬರ್ ಸೋಲ್ ಪೆಡಲ್ ಮೇಲೆ ಬಹಳ ಚೆನ್ನಾಗಿ ಹಿಡಿಯುತ್ತದೆ. ಆದರೆ ಮೇಲ್ಭಾಗ ಜಾಳಿಗೆ ಬಟ್ಟೆಯದ್ದು, ಎದುರುಗಾಳಿಯಲ್ಲಿ ಬೆರಳು ತಣ್ಣಗಾಗುತ್ತವೆ.

ಓಡುವ ಶೂ ಬಗ್ಗೆ ಜಾಸ್ತಿ ಕೇಳುತ್ತಾರೆ. ಮನೆಯಲ್ಲಿ ಹೇಗೂ ಇರುತ್ತದಲ್ಲ, ಅದನ್ನೇ ಹಾಕೋಣ ಅಂತ. ಐದಾರು ಕಿಲೋಮೀಟರ್‌ಗೆ ಪರವಾಗಿಲ್ಲ. ಅದರ ದಪ್ಪ ಫೋಮ್ ನಿಮ್ಮ ತುಳಿತದ ಒತ್ತಡವನ್ನು ಸ್ವಲ್ಪ ತಿಂದುಹಾಕುತ್ತದೆ, ಅಡಿಯ ಅಂಚುಗಳು ಬಾಗಿರುವುದರಿಂದ ಪೆಡಲ್‌ಗೆ ಪೂರ್ತಿ ತಾಗುವುದಿಲ್ಲ. ಹಗುರಾದ ಜಾಳಿಗೆ ಬಟ್ಟೆಯೊಳಗೆ ಗಾಳಿ ಸೀದಾ ಹೋಗುತ್ತದೆ. ಅದಕ್ಕಾಗಿಯೇ ಹೊಸದಾಗಿ ಓಡುವ ಶೂ ಕೊಳ್ಳಬೇಡಿ.

ಚರ್ಮದ ಫಾರ್ಮಲ್ ಶೂ ಗಾಳಿ ತಡೆಯುತ್ತದೆ, ಆದರೆ ಅಡಿ ನುಣುಪು. ಇಬ್ಬನಿ ಬಿದ್ದ ಪೆಡಲ್ ಮೇಲೆ ಇದರಷ್ಟು ಜಾರುವ ಶೂ ಇನ್ನೊಂದಿಲ್ಲ. ಪಿನ್ ಇರುವ ಪೆಡಲ್ ಹಾಕಿದರೆ ಹಿಡಿತ ಸಿಗುತ್ತದೆ, ಆದರೆ ಸೋಲ್ ಕಿತ್ತುಹೋಗುತ್ತದೆ. ನನ್ನ ಸಲಹೆ ಇಷ್ಟೇ: ಫಾರ್ಮಲ್ ಶೂ ಆಫೀಸಿನಲ್ಲೇ ಇರಲಿ, ಮೇಜಿನ ಕೆಳಗೆ. ಸೈಕಲ್‌ಗೆ ಬೇರೆ ಜೊತೆ. ಬೆವರಿದ ಸಾಕ್ಸ್ ಬದಲಿಸಲೂ ಆಗ ಅವಕಾಶ ಸಿಗುತ್ತದೆ. ಆಫೀಸಿನಲ್ಲಿ ಜಾಗವೇ ಇಲ್ಲ ಅನ್ನುವವರು ಮೋಚಿ ಹತ್ತಿರ ಫಾರ್ಮಲ್ ಶೂ ಅಡಿಗೆ ತೆಳು ರಬ್ಬರ್ ಹಾಳೆ ಅಂಟಿಸಿ, ಅಂಚಿಗೆ ಹೊಲಿಸಿಕೊಳ್ಳಿ. ಖರ್ಚು ಕಡಿಮೆ, ಫಲ ಚೆನ್ನಾಗಿದೆ.

ಕಾರ್ಖಾನೆಯ ಸೇಫ್ಟಿ ಬೂಟು ಭಾರ. ಆದರೂ ಅದನ್ನೇ ಹಾಕಿಕೊಂಡು ಹೋಗಬೇಕಾದವರು ಎರಡು ವಿಷಯ ಗಮನಿಸಿ. ಅದರ ಮೂತಿ ಅಗಲವಾಗಿರುವುದರಿಂದ ಸಣ್ಣ ಫ್ರೇಮಿನ ಸೈಕಲ್‌ನಲ್ಲಿ ತಿರುವಿನಲ್ಲಿ ಬೂಟಿನ ತುದಿ ಮುಂದಿನ ಗಾಲಿಗೆ ಅಥವಾ ಮಡ್‌ಗಾರ್ಡ್‌ಗೆ ತಾಗಬಹುದು. ಸೈಕಲ್ ನಿಲ್ಲಿಸಿಕೊಂಡು, ಪೆಡಲ್ ಮುಂದಕ್ಕೆ ತಂದು, ಹ್ಯಾಂಡಲ್ ಪೂರ್ತಿ ತಿರುಗಿಸಿ ನೋಡಿ. ತಾಗಿದರೆ ನಿಧಾನದ ತಿರುವಿನಲ್ಲಿ ಆ ಕಡೆಯ ಪೆಡಲ್ ಹಿಂದಿರಲಿ. ಎರಡನೆಯದು, ಇಂಥ ಬೂಟಿನ ಅಡಿಯಲ್ಲಿ ಆಳದ ಗೆರೆಗಳಿರುತ್ತವೆ. ಉದ್ದ ಪಿನ್‌ಗಳು ಅದರೊಳಗೆ ಸಿಕ್ಕಿಕೊಂಡರೆ ಕಾಲು ಚಕ್ಕನೆ ಎತ್ತಲು ಆಗುವುದಿಲ್ಲ. ಅಗಲವಾದ ಪ್ಲಾಸ್ಟಿಕ್ ಅಥವಾ ರಬ್ಬರ್ ಪೆಡಲ್ ಇವರಿಗೆ ಸರಿ.

ಚಪ್ಪಲಿ ಬೇಡ. ಹಿಂಬದಿ ಪಟ್ಟಿ ಇಲ್ಲದ ಯಾವುದೂ ಬೇಡ. ಚಳಿಯಲ್ಲಿ ಬೆರಳು ಬಿಗಿಯಾದಾಗ ಚಪ್ಪಲಿ ಹಿಡಿದಿಟ್ಟುಕೊಳ್ಳುವ ಶಕ್ತಿಯೇ ಕಡಿಮೆಯಾಗುತ್ತದೆ, ಅದು ಜಾರಿ ಗಾಲಿಗೆ ಸಿಕ್ಕರೆ ಬೀಳುವುದು ಖಂಡಿತ.

ಹೆಣ್ಣುಮಕ್ಕಳಿಗೆ ಎರಡು ಮಾತು ಬೇರೆಯಾಗಿ ಹೇಳಬೇಕು, ಏಕೆಂದರೆ ಶೂ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಕಾಲುಂಗುರ ಹಾಕುವವರಿಗೆ ಕಿರಿದಾದ ಮೂತಿಯ ಶೂ ಆಗುವುದಿಲ್ಲ. ತುಳಿದಂತೆಲ್ಲ ಉಂಗುರ ಪಕ್ಕದ ಬೆರಳಿಗೆ ಒತ್ತಿ ಗಾಯವಾಗುತ್ತದೆ. ಮೂತಿ ಅಗಲವಾಗಿರುವ ಶೂ ನೋಡಿ, ಗಂಡಸರ ಸಾಲಿನಲ್ಲಿ ಸಿಕ್ಕರೂ ಸಂಕೋಚ ಬೇಡ. ಕಾಲ್ಗೆಜ್ಜೆ ಸಾಕ್ಸ್ ಒಳಗೆ ಹೋಗಲಿ, ಹೊರಗೆ ಜೋತಾಡಿದರೆ ಚೈನಿಗೆ ಸಿಗುತ್ತದೆ. ಸೀರೆ, ಚೂಡಿದಾರದವರ ಸೈಕಲ್‌ಗೆ ಪೂರ್ತಿ ಚೈನ್ ಕವರ್ ಇರಲೇಬೇಕು.

ಅಳತೆ ನೋಡುವುದು ಹೀಗೆ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಉಬ್ಬಿರುತ್ತದೆ. ಚಳಿಗೆ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ನಿಂತಾಗ ಉದ್ದನೆಯ ಬೆರಳ ಮುಂದೆ ಅರ್ಧ ಹೆಬ್ಬೆರಳಗಲ ಜಾಗ ಉಳಿಯಬೇಕು. ಬೆರಳುಗಳನ್ನು ಒಳಗೆ ಆಡಿಸಲು ಬರಬೇಕು. ದುರ್ಗದಬೈಲಿನಲ್ಲಾಗಲಿ, ಧಾರವಾಡದ ಸುಭಾಷ ರೋಡಿನಲ್ಲಾಗಲಿ ‘ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ’ ಎಂದು ಹೇಳಿ ಬಿಗಿ ಶೂ ಕೊಡಲು ನೋಡಿದರೆ ಒಪ್ಪಬೇಡಿ. ಚಳಿಯಲ್ಲಿ ಬೆರಳು ಮರಗಟ್ಟಲು ಬಿಗಿ ಶೂ ಒಂದು ದೊಡ್ಡ ಕಾರಣ. ಶೂ ಒತ್ತಿದರೆ ರಕ್ತದ ಓಡಾಟ ಕಡಿಮೆಯಾಗುತ್ತದೆ, ರಕ್ತ ಬರದ ಬೆರಳಿಗೆ ಎಷ್ಟು ಹೊದಿಸಿದರೂ ಬೆಚ್ಚಗಾಗುವುದಿಲ್ಲ.

ಲೇಸ್ ಇದ್ದರೆ ಗಂಟು ಹಾಕಿದ ಮೇಲೆ ಉಳಿದ ತುದಿಗಳನ್ನು ಶೂ ಒಳಗೆ ಸಿಕ್ಕಿಸಿ. ಬಲಗಾಲಿನದ್ದಂತೂ ಮರೆಯಬೇಡಿ, ಚೈನ್ ಇರುವುದು ಆ ಕಡೆಯೇ.

3. ಸಾಕ್ಸ್

ಎರಡು ಸಾಕ್ಸ್ ಒಂದರ ಮೇಲೊಂದು ಹಾಕುವವರು ಬಹಳ. ಶೂ ಒಳಗೆ ಜಾಗ ಇದ್ದರೆ ಸರಿ. ಜಾಗ ಇಲ್ಲದಿದ್ದರೆ ಮೇಲೆ ಹೇಳಿದ ಬಿಗಿ ಶೂ ಕಥೆಯೇ ಆಯಿತು, ಥಂಡಿ ಹೆಚ್ಚುತ್ತದೆ. ಒಂದೇ ಜೊತೆ ತೆಳು ಉಣ್ಣೆ ಸಾಕ್ಸ್ ಸಾಕು. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುತ್ತದೆ. ಹತ್ತಿ ಸಾಕ್ಸ್ ಬೆವರು ಕುಡಿದು ಹಾಗೇ ಒದ್ದೆಯಾಗಿ ಉಳಿಯುತ್ತದೆ. ಹತ್ತಿಯದ್ದೇ ಇರುವುದು ಅನ್ನುವವರು ಕೆಲಸದ ಜಾಗಕ್ಕೆ ಒಂದು ಒಣ ಜೊತೆ ಒಯ್ಯಿರಿ, ಹೋದ ತಕ್ಷಣ ಬದಲಿಸಿ. ಕಣಕಾಲು ಮುಚ್ಚುವಷ್ಟು ಉದ್ದ ಇರಲಿ; ಪ್ಯಾಂಟಿನ ಅಂಚು ಅದರೊಳಗೆ ಸಿಕ್ಕಿಸಬಹುದು.

ಮೂಡಗಾಳಿಗೆ ಹಿಮ್ಮಡಿ ಒಡೆಯುವ ಕಾಲ ಇದು. ರಾತ್ರಿ ಕಾಲು ತೊಳೆದು ಒರೆಸಿ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ. ಬೆಳಗ್ಗೆ ಹೊರಡುವ ಮೊದಲು ಹಚ್ಚಬೇಡಿ, ಶೂ ಒಳಗೆ ಪಾದ ಜಾರುತ್ತದೆ.

4. ಪೆಡಲ್ ಆರಿಸುವುದು

ರಬ್ಬರ್ ಪೆಡಲ್: ಹಳೇ ಕಪ್ಪು ಸೈಕಲ್‌ಗಳಲ್ಲಿ ಬರುವುದು. ಫಾರ್ಮಲ್ ಶೂ, ಸ್ಯಾಂಡಲ್, ಸೇಫ್ಟಿ ಬೂಟು ಯಾವುದಕ್ಕೂ ನಡೆಯುತ್ತದೆ, ಸೋಲ್ ಕೆಡಿಸುವುದಿಲ್ಲ. ಆದರೆ ರಬ್ಬರ್ ಮೇಲಿನ ಗೆರೆಗಳು ಸವೆದು ನುಣ್ಣಗಾದ ಮೇಲೆ ಇಬ್ಬನಿಯಲ್ಲಿ ಜಾರುತ್ತದೆ. ರಬ್ಬರ್ ತುಂಡು ಕಡ್ಡಿಯ ಮೇಲೆ ಗರಗರ ತಿರುಗಲು ಶುರುವಾಗಿದ್ದರೆ ಅವತ್ತೇ ಬದಲಿಸಿ. ಊರೊಳಗೆ ಓಡಾಡುವವರಿಗೆ ಹೊಸ ರಬ್ಬರ್ ಪೆಡಲ್‌ಗಿಂತ ಹೆಚ್ಚಿನದೇನೂ ಬೇಡ ಎಂಬುದು ನನ್ನ ಅಭಿಪ್ರಾಯ.

ಪ್ಲಾಸ್ಟಿಕ್ ಪೆಡಲ್: ಗೇರ್ ಸೈಕಲ್‌ಗಳ ಜೊತೆ ಕಂಪನಿಯಿಂದಲೇ ಬರುವುದು. ಅಂಚಿನ ಹಲ್ಲುಗಳು ಚೂಪಾಗಿರುವವರೆಗೆ ಚೆನ್ನಾಗಿ ಹಿಡಿಯುತ್ತದೆ. ಬೆರಳಿನಿಂದ ಸವರಿ ನೋಡಿ, ಹಲ್ಲು ಸಿಗದಿದ್ದರೆ ಅದರ ಆಯುಷ್ಯ ಮುಗಿದಿದೆ.

ಲೋಹದ ಹಲ್ಲಿನ ಪೆಡಲ್: ಸುತ್ತಲೂ ಗರಗಸದಂತೆ ಹಲ್ಲಿರುವ ಚೌಕಟ್ಟು. ಕೆಸರಿನಲ್ಲೂ ಹಿಡಿತ ಬಿಡುವುದಿಲ್ಲ. ಗಟ್ಟಿ ಸೋಲಿಗೆ ಮಾತ್ರ. ತೆಳು ಕ್ಯಾನ್ವಾಸ್ ಶೂಗೆ ಅಂಗಾಲು ಒತ್ತುತ್ತದೆ.

ಪಿನ್ ಇರುವ ಅಗಲ ಪೆಡಲ್: ಸುಮಾರು 10 ಸೆಂ.ಮೀ. ಅಗಲದ ಅಲ್ಯೂಮಿನಿಯಂ ಅಥವಾ ನೈಲಾನ್ ಪೆಡಲ್, ಎರಡೂ ಮುಖಕ್ಕೆ ಪಿನ್. ಸಮತಟ್ಟು ರಬ್ಬರ್ ಸೋಲಿನ ಶೂ ಜೊತೆ ಇದರ ಹಿಡಿತಕ್ಕೆ ಸಾಟಿ ಇಲ್ಲ. ಹುಬ್ಬಳ್ಳಿ-ಧಾರವಾಡ ನಡುವೆ ದಿನಾ ಓಡಾಡುವವರಿಗೆ ನಾನು ಹೇಳುವುದು ಇದನ್ನೇ: ಕ್ಯಾನ್ವಾಸ್ ಅಥವಾ ದಪ್ಪ ಬಟ್ಟೆಯ ಸಮತಟ್ಟು ಶೂ, ಅದಕ್ಕೆ ಪಿನ್ ಇರುವ ನೈಲಾನ್ ಪೆಡಲ್. ಒಂದೇ ಎಚ್ಚರಿಕೆ. ಕಾಲು ತಪ್ಪಿದರೆ ಪಿನ್ ಮೊಣಕಾಲಿನ ಕೆಳಗಿನ ಎಲುಬಿಗೆ ಬಡಿಯುತ್ತದೆ, ಗಾಯ ಆಳವಾಗಿರುತ್ತದೆ. ಶುರುವಿನಲ್ಲಿ ನಡುವಿನ ಪಿನ್‌ಗಳನ್ನು ಬಿಚ್ಚಿಟ್ಟು, ಅಂಚಿನವನ್ನು ಮಾತ್ರ ಉಳಿಸಿ ಅಭ್ಯಾಸ ಮಾಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಪಿನ್ ಪೆಡಲ್ ಹಾಕಿಸಬೇಡಿ, ಗಾಯವಾದದ್ದೇ ತಿಳಿಯದೆ ಹೋಗಬಹುದು.

ಇನ್ನು ಶೂ ಸಿಕ್ಕಿಕೊಳ್ಳುವ ಪೆಡಲ್. ಶೂ ಅಡಿಯ ಕ್ಲೀಟ್ ಪೆಡಲ್‌ಗೆ ಟಕ್ಕೆಂದು ಕೂರುತ್ತದೆ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಲುಕ್ ಕಂಪನಿ 1984ರಲ್ಲಿ ರಸ್ತೆ ರೇಸಿನವರಿಗಾಗಿ ಇಂಥದ್ದನ್ನು ತಂದಿತು. ನಡೆಯಲೂ ಬರುವ ಹಾಗೆ ಸೋಲಿನ ಒಳಗೆ ಮುಳುಗಿ ಕೂರುವ ಎರಡು ಸ್ಕ್ರೂಗಳ ಸಣ್ಣ ಕ್ಲೀಟನ್ನು ಶಿಮಾನೊ 1990ರಲ್ಲಿ ಎಸ್‌ಪಿಡಿ ಎಂಬ ಹೆಸರಲ್ಲಿ ತಂದಿತು. ದೂರದ, ಖಾಲಿ ರಸ್ತೆಗೆ ಇದು ನಿಜಕ್ಕೂ ಚೆನ್ನ. ಆದರೆ ಹೊಸೂರು, ಉಣಕಲ್, ನವನಗರ, ಟೋಲ್ ನಾಕಾ ಎಂದು ಸಿಗ್ನಲ್ ಸಿಗ್ನಲ್‌ಗೆ ಕಾಲು ಊರಬೇಕಾದ ದಾರಿಗೆ ನಾನು ಹೇಳುವುದಿಲ್ಲ. ಎದುರಿನ ಆಟೋ ಚಕ್ಕನೆ ನಿಂತಾಗ ಹಿಮ್ಮಡಿ ತಿರುಗಿಸುವುದು ನೆನಪಾಗದಿದ್ದರೆ ಸೈಕಲ್ ಸಮೇತ ಬೀಳುತ್ತೀರಿ. ಆಫೀಸಿನ ನುಣುಪು ಟೈಲ್ಸ್ ಮೇಲೆ ಕ್ಲೀಟ್ ಜಾರುತ್ತದೆ. ಎರಿ ಮಣ್ಣಿನಲ್ಲಿ ಒಂದು ಹೆಜ್ಜೆ ಇಟ್ಟರೆ ಕ್ಲೀಟ್ ತುಂಬ ಮಣ್ಣು, ಆಮೇಲೆ ಪೆಡಲ್‌ಗೆ ಕೂರುವುದೇ ಇಲ್ಲ. ಶೂ, ಪೆಡಲ್ ಸೇರಿ ಖರ್ಚೂ ಸಾವಿರಗಟ್ಟಲೆ.

ಹಾಕಲೇಬೇಕು ಅನ್ನುವವರು ಒಂದು ಮುಖ ಸಮತಟ್ಟು, ಇನ್ನೊಂದು ಮುಖ ಎಸ್‌ಪಿಡಿ ಇರುವ ಪೆಡಲ್ ತಗೊಳ್ಳಿ. ಊರೊಳಗೆ ಸಮತಟ್ಟು ಮುಖ, ಊರ ಹೊರಗೆ ಇನ್ನೊಂದು. ಬಿಗಿತದ ಸ್ಕ್ರೂ ಪೂರ್ತಿ ಸಡಿಲ ಇರಲಿ. ಮೊದಲು ಗೋಡೆ ಹಿಡಿದು, ಆಮೇಲೆ ಖಾಲಿ ಮೈದಾನದಲ್ಲಿ, ಯೋಚಿಸದೆಯೇ ಕಾಲು ಬಿಡುವಂತಾಗುವವರೆಗೆ ಅಭ್ಯಾಸ ಮಾಡಿ. ರೇಸಿನ ಮೂರು ಸ್ಕ್ರೂ ಕ್ಲೀಟ್ ಮಾತ್ರ ಕೆಲಸಕ್ಕೆ ಹೋಗುವವರಿಗೆ ಬೇಡವೇ ಬೇಡ, ಅದರಲ್ಲಿ ನಡೆಯಲು ಬರುವುದಿಲ್ಲ.

ಪೆಡಲ್‌ಗೆ ಪಟ್ಟಿ ಕಟ್ಟಿ ಪಾದ ಬಿಗಿಯುವುದನ್ನೂ ಊರ ಟ್ರಾಫಿಕ್‌ನಲ್ಲಿ ಮಾಡಬೇಡಿ. ಪಟ್ಟಿ ಇಲ್ಲದ, ಶೂ ಮೂತಿ ಮಾತ್ರ ತಡೆಯುವ ಸಣ್ಣ ಅರ್ಧ ಕ್ಲಿಪ್ ಪರವಾಗಿಲ್ಲ.

5. ಪೆಡಲ್ ಕೂರಿಸುವುದು

ಇಲ್ಲಿ ತಪ್ಪಾದರೆ ಕ್ರ್ಯಾಂಕೇ ಹಾಳು. ನಿಧಾನವಾಗಿ ಓದಿ.

ಪೆಡಲಿನ ಅಚ್ಚು ಸಾಮಾನ್ಯವಾಗಿ ಎರಡು ಅಳತೆಯಲ್ಲಿ ಬರುತ್ತದೆ. ದೊಡ್ಡವರ ಹೆಚ್ಚಿನ ಸೈಕಲ್‌ಗಳಿಗೆ 9/16 ಇಂಚು, ಒಂದೇ ತುಂಡಿನ ಕ್ರ್ಯಾಂಕ್ ಇರುವ ಸೈಕಲ್‌ಗಳಿಗೆ 1/2 ಇಂಚು. ಎರಡೂ ಕಣ್ಣಿಗೆ ಒಂದೇ ತರ ಕಾಣುತ್ತವೆ. ಹಳೇ ಪೆಡಲ್ ಬಿಚ್ಚಿ ಅಂಗಡಿಗೆ ಒಯ್ದು, ಅದರ ಜೊತೆ ಹೋಲಿಸಿಯೇ ಕೊಳ್ಳಿ.

ಎಡಗಡೆ ಪೆಡಲಿನ ಮರೆ ಉಲ್ಟಾ ಇರುತ್ತದೆ. ತುಳಿಯುವಾಗ ತಾನಾಗಿ ಬಿಚ್ಚಿಕೊಳ್ಳಬಾರದು ಎಂದು ಹಾಗೆ ಮಾಡಿದ್ದಾರೆ. ಅಚ್ಚಿನ ತುದಿಯಲ್ಲಿ ಬಲಕ್ಕೆ ‘ಆರ್’, ಎಡಕ್ಕೆ ‘ಎಲ್’ ಅಕ್ಷರ ಕೊರೆದಿರುತ್ತಾರೆ. ಗಡಿಯಾರದ ದಿಕ್ಕು ನೆನಪಿಡುವ ಬದಲು ಹೀಗೆ ಮಾಡಿ: ಪಾನಾದ ಹಿಡಿ ಮೇಲಕ್ಕೆ ಇರುವಂತೆ ಹಾಕಿ. ಎರಡೂ ಕಡೆ ಹಿಡಿಯನ್ನು ಮುಂದಿನ ಗಾಲಿ ಕಡೆಗೆ ಎಳೆದರೆ ಬಿಗಿಯುತ್ತದೆ, ಹಿಂದಿನ ಗಾಲಿ ಕಡೆಗೆ ಎಳೆದರೆ ಬಿಚ್ಚುತ್ತದೆ.

ಬಿಚ್ಚುವ ಮೊದಲು ಗೇರ್ ಸೈಕಲ್‌ನಲ್ಲಿ ಚೈನನ್ನು ಮುಂದಿನ ದೊಡ್ಡ ಚಕ್ರಕ್ಕೆ ಹಾಕಿ. ಪಾನಾ ತಪ್ಪಿದರೆ ಬೆರಳಿನ ಗಂಟು ಚಕ್ರದ ಹಲ್ಲಿಗೆ ಬಡಿಯುವುದಿಲ್ಲ. ತುಕ್ಕು ಹಿಡಿದು ಬಿಚ್ಚದಿದ್ದರೆ ಮರೆಯ ಸಂದಿಗೆ ತೆಳು ಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ.

ಕೂರಿಸುವಾಗ ಮರೆಯನ್ನು ಬಟ್ಟೆಯಿಂದ ಒರೆಸಿ ಗ್ರೀಸ್ ಹಚ್ಚಿ. ಮೊದಲ ಎರಡು ಮೂರು ಸುತ್ತು ಬೆರಳಿನಿಂದಲೇ ತಿರುಗಿಸಬೇಕು. ಬಿಗಿ ಅನ್ನಿಸಿದರೆ ನಿಲ್ಲಿಸಿ, ವಾಪಸ್ ತೆಗೆದು, ನೇರ ಮಾಡಿ ಮತ್ತೆ ಶುರು ಮಾಡಿ. ಒತ್ತಾಯದಿಂದ ಪಾನಾ ಹಾಕಿದರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಮರೆ ಕಿತ್ತುಬರುತ್ತದೆ. ಕೊನೆಗೆ ಪಾನಾದಿಂದ ಗಟ್ಟಿಯಾಗಿ ಬಿಗಿಯಿರಿ. ಒಂದು ವಾರ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿದು ನೋಡಿ.

6. ಪಾದ ಎಲ್ಲಿ, ಸೀಟು ಎಷ್ಟು ಎತ್ತರ

ಹೆಬ್ಬೆರಳ ಬುಡದ ಉಬ್ಬು ಪೆಡಲಿನ ಅಚ್ಚಿನ ಮೇಲೆ ಬರಬೇಕು. ಅಚ್ಚು ಅದಕ್ಕಿಂತ ಚೂರು ಹಿಂದೆ ಬಂದರೂ ನಡೆಯುತ್ತದೆ. ಅಂಗಾಲಿನ ನಡುಭಾಗ ಇಟ್ಟು ತುಳಿಯುವ ರೂಢಿ ಬಹಳ ಜನರಿಗಿದೆ. ಹಾಗೆ ಮಾಡಿದರೆ ಮೂತಿ ಮುಂದಕ್ಕೆ ಚಾಚಿ ಗಾಲಿಗೆ ತಾಗುವುದೂ ಹೆಚ್ಚು.

ಶೂ ಬದಲಾದರೆ ಸೀಟಿನ ಎತ್ತರವನ್ನೂ ನೋಡಿಕೊಳ್ಳಿ. ಚಪ್ಪಲಿಯಿಂದ ದಪ್ಪ ಸೋಲಿನ ಶೂಗೆ ಬಂದರೆ ಕಾಲು ಅಷ್ಟು ಉದ್ದವಾದಂತೆ. ಕೆಲಸಕ್ಕೆ ಹಾಕುವ ಶೂ ಹಾಕಿಕೊಂಡೇ ಸೀಟಿನ ಮೇಲೆ ಕೂತು, ಪೆಡಲ್ ತೀರಾ ಕೆಳಗಿರುವಾಗ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು. ಆಮೇಲೆ ಪಾದ ಸರಿಯಾದ ಜಾಗಕ್ಕೆ ತಂದರೆ ಮೊಣಕಾಲು ಸ್ವಲ್ಪ ಬಾಗಿರುತ್ತದೆ. ಅದೇ ಸರಿಯಾದ ಎತ್ತರ.

7. ಕತ್ತಲು ಮತ್ತು ಮಂಜು

ಉಣಕಲ್ ಕೆರೆ, ಕೆಲಗೇರಿ ಕೆರೆಯ ಆಸುಪಾಸಿನಲ್ಲಿ ಬೆಳಗ್ಗೆ ಮಂಜು ಕವಿದಿದ್ದರೆ ಮುಂದಿನ ಸೈಕಲ್ ಕಾಣುವುದು ಹತ್ತಿರ ಬಂದ ಮೇಲೆಯೇ. ಪೆಡಲಿನ ಮುಂದೆ ಹಿಂದೆ ಇರುವ ಹಳದಿ ರಿಫ್ಲೆಕ್ಟರ್‌ಗಳನ್ನು, ಅಂದರೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಗಳನ್ನು, ಚಂದ ಕಾಣುವುದಿಲ್ಲ ಎಂದು ಕಿತ್ತುಹಾಕಬೇಡಿ. ಅವು ಮೇಲೆ ಕೆಳಗೆ ಆಡುವುದರಿಂದ ಹಿಂದಿನ ವಾಹನದವರಿಗೆ ಇದು ಸೈಕಲ್ ಎಂದು ತಕ್ಷಣ ಗೊತ್ತಾಗುತ್ತದೆ. ಪಿನ್ ಪೆಡಲ್‌ಗಳಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ. ಆಗ ಶೂ ಹಿಮ್ಮಡಿಗೆ ರಿಫ್ಲೆಕ್ಟರ್ ಟೇಪ್ ಅಂಟಿಸಿ, ಅಥವಾ ಕಣಕಾಲಿಗೆ ಹೊಳೆಯುವ ಪಟ್ಟಿ ಕಟ್ಟಿ. ಪ್ಯಾಂಟ್ ಚೈನಿಗೆ ಸಿಗುವುದೂ ತಪ್ಪುತ್ತದೆ. ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಇದರ ಜೊತೆಗೆ ಇರಲೇಬೇಕು.

8. ದಿನದ ಆರೈಕೆ

ಸೈಕಲ್ ಹೊರಗೆ ನಿಲ್ಲಿಸುವವರು ಹೊರಡುವ ಮೊದಲು ಪೆಡಲ್ ಒರೆಸಿ. ಇಬ್ಬನಿಯ ಒಂದು ಪದರವೇ ಜಾರಲು ಸಾಕು.

ಈ ದಿನಗಳಲ್ಲಿ ಅಮರಗೋಳದ ಎಪಿಎಂಸಿ ಕಡೆ ಮಾಲು ಹೊತ್ತ ಟ್ರ್ಯಾಕ್ಟರ್‌ಗಳ ಓಡಾಟ ಜಾಸ್ತಿ. ಹೊಲದ ಎರಿ ಮಣ್ಣು ಗಾಲಿಗೆ ಅಂಟಿ ರಸ್ತೆಗೆ ಬೀಳುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಇಲ್ಲಿ ತುಂತುರು ಮಳೆ ಬಂದರಂತೂ ಅದು ಅಂಟಿನ ಹಾಗೆ. ಕಾಲು ಊರಿದ ಮೇಲೆ ಸೋಲಿನ ಮಣ್ಣು ಕಲ್ಲಿಗೋ ಕಟ್ಟೆಗೋ ಒರೆಸಿಯೇ ಪೆಡಲ್ ಮೇಲೆ ಇಡಿ. ಪಿನ್‌ಗಳ ನಡುವೆ ಕೂತ ಮಣ್ಣನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಗದಗದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಶೂ ಒದ್ದೆಯಾದರೆ ಒಳ ಹಾಸು ಹೊರಗೆ ತೆಗೆದು, ಒಳಗೆ ಹಳೇ ಪೇಪರ್ ಉಂಡೆ ಮಾಡಿ ತುಂಬಿ. ಒಂದೆರಡು ಗಂಟೆಗೆ ಪೇಪರ್ ಬದಲಿಸಿ. ಒಲೆ, ಹೀಟರ್ ಮುಂದೆ ಇಡಬೇಡಿ, ಅಂಟು ಬಿಟ್ಟು ಸೋಲ್ ಕಿತ್ತುಬರುತ್ತದೆ.

9. ಆದರೂ ತೊಂದರೆ ಇದ್ದರೆ

ಬೆರಳು ಇನ್ನೂ ಮರಗಟ್ಟುತ್ತಿದ್ದರೆ ಮೊದಲು ಲೇಸ್ ಸಡಿಲ ಮಾಡಿ. ಆಮೇಲೆ ಸಾಕ್ಸ್ ತೆಳು ಮಾಡಿ ನೋಡಿ. ಜಾಳಿಗೆ ಶೂ ಆಗಿದ್ದರೆ ಮೂತಿಯ ಮೇಲೆ ಒಳಗಿನಿಂದ ಒಂದು ತುಂಡು ಪ್ಲಾಸ್ಟಿಕ್ ಹಾಳೆ ಇಡಿ, ಗಾಳಿ ನಿಲ್ಲುತ್ತದೆ. ಕೆಲಸಕ್ಕೆ ಹೋದ ಕೂಡಲೇ ತೆಗೆಯಿರಿ. ಬೆರಳು ಬಿಳಿ ಅಥವಾ ನೀಲಿ ಬಣ್ಣಕ್ಕೆ ತಿರುಗಿ ನೋಯುತ್ತಿದ್ದರೆ ಅದು ಶೂ ಸಮಸ್ಯೆ ಅಲ್ಲದಿರಬಹುದು, ಡಾಕ್ಟರಿಗೆ ತೋರಿಸಿ.

ಪ್ರತಿ ಸುತ್ತಿಗೆ ಒಂದು ಸಲ ಟಕ್ ಅನ್ನುತ್ತಿದ್ದರೆ ಪೆಡಲ್ ಸಡಿಲವಾಗಿದೆಯಾ ನೋಡಿ. ಬಿಗಿದರೂ ಸದ್ದು ನಿಲ್ಲದಿದ್ದರೆ, ಕಪ್ಪು ಸೈಕಲ್‌ಗಳಲ್ಲಿ ಕ್ರ್ಯಾಂಕ್ ಹಿಡಿದಿರುವ ಕಾಟರ್ ಪಿನ್ ಸವೆದಿರಬಹುದು. ಹೊಸ ಪೆಡಲ್ ಕೊಂಡ ಮೇಲೂ ಅದೇ ಸದ್ದು ಕೇಳಿ ಬೇಸರಪಡುವವರು ಇಂಥವರೇ. ಕಾಟರ್ ಬದಲಿಸುವುದನ್ನು ರಿಪೇರಿ ಅಂಗಡಿಯವರಿಗೇ ಬಿಡಿ, ಸುಮ್ನೆ ಸುತ್ತಿಗೆ ಹಿಡಿದು ಹೊಡೆಯಲು ಹೋಗಬೇಡಿ.

ಪೆಡಲನ್ನು ಕೈಯಲ್ಲಿ ತಿರುಗಿಸಿದಾಗ ಒಳಗೆ ಮರಳು ಆಡಿದ ಸದ್ದು ಬಂದರೆ ಧೂಳು ಬೇರಿಂಗ್‌ಗೆ ಹೋಗಿದೆ ಎಂದು ಅರ್ಥ. ಬಿಚ್ಚಲು ಬರುವ ಪೆಡಲ್ ಆದರೆ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಹೊಸ ಗ್ರೀಸ್ ತುಂಬಿಸಿ. ಅಗ್ಗದ ಪ್ಲಾಸ್ಟಿಕ್ ಪೆಡಲ್‌ಗಳಲ್ಲಿ ಎಷ್ಟೋ ಬಿಚ್ಚಲು ಬರುವುದಿಲ್ಲ, ಅವನ್ನು ಜೋಡಿಯಾಗಿ ಬದಲಿಸಿ. ಒಂದೇ ಕಡೆ ಹೊಸದು ಹಾಕಿದರೆ ಎರಡರ ದಪ್ಪ ಬೇರೆಯಾಗಿ, ಎರಡು ಕಾಲಿಗೆ ಎರಡು ಎತ್ತರ ಆಗುತ್ತದೆ.